ಮದ್ರಾಸಿಗೆ ಹೋದವಳು

ನನಗಾದ ಅವಮಾನಗಳನ್ನು ನಾನು ಮರೆತವನಲ್ಲ. ಕೋಲಾರದಲ್ಲೇ ಹುಟ್ಟಿ, ಕನ್ನಡ ಶಾಲೆಯಲ್ಲೇ ಓದಿ, ಮಾಲೂರು, ಮುಳಬಾಗಿಲುಗಳಿಂದ ಬಂದವರ ಪಾದಗಳ ಸುತ್ತಲೂ ಕಾಗದದ ಮೇಲೆ ಗೆರೆಯೆಳೆದು ಬೂಟು ಹೊಲಿದುಕೊಟ್ಟ ನನ್ನನ್ನು ರೇಷನ್ ಕಾರ್ಡಿನ ಗುಮಾಸ್ತ “ಯಾವ ದೇಶದೋನಯ್ಯಾ ನೀನು?” ಎಂದು ಕೇಳಿದ್ದು ನೆನಪಿದೆ. ಅವನ ಪಾದದ ಅಳತೆ ಏಳು ಎಂಬುದೂ ನೆನಪಿದೆ. ರಾಯಲ್ಪಾಡಿನಲ್ಲಿ ನನ್ನ ಭಾವಮೈದುನ ತನ್ನ ಮದುವೆಗೆ ಬಂದ ನೆಂಟರಿಗೆ ನನ್ನನ್ನು “ಕೋಲಾರದ ಬೂಟಂಗಡಿಯೋರು” ಎಂದಷ್ಟೇ ಪರಿಚಯಿಸಿದ. ಅಕ್ಕನ ಗಂಡ ಎನ್ನಲಿಲ್ಲ. ಒಂಬತ್ತು ವರ್ಷ ನಾನು ಅವನೊಡನೆ ಮಾತಾಡಲಿಲ್ಲ.

ಇಷ್ಟನ್ನೆಲ್ಲ ನೆನಪಿಟ್ಟುಕೊಂಡವನು ತಾನೇ ಮಾಡಿದ ಒಂದನ್ನು ಬರೆಯದೆ ಹೋದರೆ ಅದು ನ್ಯಾಯವಲ್ಲ.

ನಾವು ಹಕ್ಕಾ ಜನ. ಚೀನಾದಿಂದ ಕಲ್ಕತ್ತೆಗೆ ಬಂದು ಚರ್ಮದ ಕೆಲಸ ಹಿಡಿದವರು. ನನ್ನ ತಂದೆತಾಯಿ ಅಲ್ಲಿಂದ ಕೋಲಾರಕ್ಕೆ ಬಂದು ನೆಲೆಸಿದರು. ನನ್ನ ಹೆಂಡತಿ ರಾಯಲ್ಪಾಡಿನ, ತೆಲುಗು ಮಾತಾಡುವ ರೈತರ ಮನೆಯವಳು. ನಮಗೆ ಮಕ್ಕಳಾಗಲಿಲ್ಲ. ಹನ್ನೆರಡು ವರ್ಷ ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಬದುಕಿದರು. ತಾಯಿ ಅವಳಿಗೆ ನಮ್ಮ ಭಾಷೆ ಕಲಿಸಿದರು. ಮೂಲಂಗಿ, ಒಣ ಸೀಗಡಿ ತುಂಬಿದ ಅಕ್ಕಿಹಿಟ್ಟಿನ ಕಡುಬು ಕಲಿಸಿದರು. ಅಂಚಿಗೆ ಹನ್ನೊಂದು ನಿರಿಗೆ ಹಿಡಿದು, ಕೊನೆಯದನ್ನು ಹಿಂದಕ್ಕೆ ಮಡಚಬೇಕು. ಅದು ತಾಯಿಯ ಕೈಗುರುತು. ಇಡ್ಲಿ ಪಾತ್ರೆಯಲ್ಲಿ ಬೇಯಿಸಿದ್ದು ಮಾತ್ರ ಸೊಸೆಯ ಉಪಾಯ.

ಕಲ್ಕತ್ತೆಯಲ್ಲಿ ತಾಯಿಗೊಬ್ಬ ಬಾಲ್ಯದ ಗೆಳತಿ ಇದ್ದರು. ತಾಯಿಗೆ ಓದುಬರಹ ಬಾರದಾದ್ದರಿಂದ ಅವರಿಗೆ ಕಾಗದ ಬರೆಯುತ್ತಿದ್ದವನು ನಾನು. ನನ್ನ ಮದುವೆಯಾದ ವರ್ಷ ತಾಯಿ, “ಸೊಸೆ ಈ ಸೀಮೆಯವಳೇ, ಕೈ ಚುರುಕು ಅಂತ ಬರಿ” ಎಂದರು. “ಸೊಸೆ ಮದ್ರಾಸಿನ ನಮ್ಮವರ ಹುಡುಗಿ” ಎಂದು ಬರೆದೆ. ಕಲ್ಕತ್ತೆಯವರು ನಮ್ಮನ್ನು ಅರ್ಧ ಚೀನೀಯರು ಎಂದು ಆಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು.

ತೊಂಬತ್ತರ ದಶಕದ ನಡುವೆ, ತಾಯಿ ತೀರಿಕೊಂಡ ಮರುವರ್ಷ, ಸಮಾಧಿಗಳನ್ನು ತೊಳೆದು ಹಿರಿಯರನ್ನು ನೆನೆಯುವ ಏಪ್ರಿಲ್ ತಿಂಗಳ ನಮ್ಮ ದಿನಕ್ಕೆ ಆ ಗೆಳತಿ ಬಂದರು. ಜೊತೆಗೆ ಬೆಂಗಳೂರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ನಮ್ಮವರೇ ಆದ ಗಂಡಹೆಂಡತಿ. ಸಮಾಧಿಯಿಂದ ಮನೆಗೆ ಬಂದು ಚಹಾಕ್ಕೆ ಕುಳಿತೆವು. ಚಹಾದೊಂದಿಗೆ ಎಲ್ಲರೂ ಹಂಚಿಕೊಂಡು ತಿನ್ನುವ ಇಂಥ ಸಣ್ಣಸಣ್ಣ ತಿಂಡಿಗಳನ್ನೇ ಡಿಮ್ ಸಮ್ ಎನ್ನುತ್ತಾರೆ. ಯಾರ ಅಜ್ಜ ಚೀನಾದ ಯಾವ ಹಳ್ಳಿಯವನು ಎಂಬ ವಿಚಾರಣೆ ನಡೆಯಿತು. ನಮ್ಮ ಹಳ್ಳಿಯ ಹೆಸರು ಹೇಳಿದ ಕೂಡಲೇ ಪಾರ್ಲರಿನಾಕೆಯ ಗಂಡ ತೊಡೆ ತಟ್ಟಿಕೊಂಡು, “ಹಾಗಾದ್ರೆ ನಮ್ಮಜ್ಜನ ಹಂದಿ ಕದ್ದೋನು ನಿಮ್ಮಜ್ಜನೇ!” ಎಂದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನ್ನ ಹಳ್ಳಿಯ ಹೆಸರು ಕೇಳಿ ಒಬ್ಬರು ಗುರುತು ಹಿಡಿದದ್ದು ಜೀವಮಾನದಲ್ಲಿ ಅದೇ ಮೊದಲು. ಅದನ್ನು ಕಳೆದುಕೊಳ್ಳಲು ನಾನು ಸಿದ್ಧನಿರಲಿಲ್ಲ.

ಅಷ್ಟರಲ್ಲಿ ತಾಯಿಯ ಗೆಳತಿ, ಆ ಮುದುಕಿ, ಒಂದು ಕಡುಬನ್ನೆತ್ತಿ, ನಿರಿಗೆಗಳ ಮೇಲೆ ಬೆರಳಾಡಿಸಿ, ಕೊನೆಯದರ ಹತ್ತಿರ ತಡೆದರು.

“ಇದು ನಿಮ್ಮಮ್ಮನ ಕೈ. ಎಲ್ಲಿ ಅವಳ ಸೊಸೆ, ಆ ಮದ್ರಾಸಿನ ಹುಡುಗಿ?”

ನನ್ನ ಹೆಂಡತಿ ಎರಡನೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ನಮ್ಮ ಭಾಷೆಯಲ್ಲಿ, ತಾಯಿ ಅವಳಿಗೂ ಕಲಿಸಿದ್ದ ಭಾಷೆಯಲ್ಲಿ ಹೇಳಿದೆ: “ತವರಿಗೆ, ಮದ್ರಾಸಿಗೆ ಹೋಗಿದ್ದಾಳೆ. ಇವಳು ಅಡುಗೆಯವಳು.”

ತಟ್ಟೆ ಅಲುಗಲಿಲ್ಲ. ಪಾರ್ಲರಿನಾಕೆ ಕನ್ನಡದಲ್ಲಿ, “ಯಾರಮ್ಮಾ ನಿಂಗೆ ಇದನ್ನ ಕಲ್ಸಿದ್ದು?” ಎಂದು ಕೇಳಿದಳು.

“ಇವ್ರ ತಾಯಿ, ಅಕ್ಕಾ. ದೊಡ್ಡ ಮನುಷ್ಯರು. ಕೆಲಸದೋಳು ಅಂತ ಒಂದಿನಾನೂ ಅನ್ಲಿಲ್ಲ.”

ಹನ್ನೆರಡು ವರ್ಷವೂ ಬಾಯಿತುಂಬ ‘ಅತ್ತಮ್ಮ’ ಎಂದವಳು ಅಂದು ‘ಇವ್ರ ತಾಯಿ’ ಎಂದಳು. ನನ್ನ ಸುಳ್ಳನ್ನು ಅವಳು ಅಷ್ಟು ಚೆನ್ನಾಗಿ ಕಾಪಾಡಿದಳು.

ಮುದುಕಿ ಅವಳನ್ನು ಹತ್ತಿರ ಕರೆದು, ಕೈ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ ಗೆಣ್ಣುಗಳನ್ನು ಒತ್ತಿ ನೋಡಿದರು. ಕೈಗುಣವನ್ನು ಮೆಚ್ಚುತ್ತಿದ್ದಾರೆ ಎಂದುಕೊಂಡೆ. ಹೊರಡುವಾಗ ನಲ್ಲಿಯ ಬಳಿ ಸೋಪು ಹಚ್ಚಿ ಇಡಿಯಾಗಿ ಹಸಿರು ಕಲ್ಲಿನಲ್ಲೇ ಕಡೆದ ತಮ್ಮದೇ ಬಳೆಯನ್ನು ಕಳಚಿ, ನನ್ನ ಕೈಯಲ್ಲಿಟ್ಟು, “ನಿನ್ನ ಹೆಂಡತಿಗೆ. ಸರಿಹೋಗುತ್ತೆ” ಎಂದರು.

ಅವರು ಹೋದ ಮೇಲೆ ಬಳೆಯನ್ನು ಹೆಂಡತಿಯ ಮುಂದೆ ಹಿಡಿದೆ. ಅವಳು ಇಡ್ಲಿ ತಟ್ಟೆ ತೊಳೆಯುತ್ತಿದ್ದಳು, ತಲೆಯೆತ್ತಲಿಲ್ಲ.

“ನಂಗ್ಯಾಕ್ರೀ? ಮದ್ರಾಸಿಗೆ ಹೋದೋಳು ಬರ್ಲಿ, ಅವಳಿಗೇ ಕೊಡಿ.”

ಕೆಲವು ದಿನಗಳ ನಂತರ ಅಂಗಡಿಯಲ್ಲಿ ಯಾರದೋ ಪಾದಕ್ಕೆ ಗೆರೆಯೆಳೆಯುತ್ತಿದ್ದಾಗ ನನ್ನ ಪೆನ್ಸಿಲು ನಿಂತಿತು. ಮುದುಕಿ ಅಂದು ಅವಳ ಕೈಯ ಅಳತೆ ತೆಗೆದುಕೊಂಡಿದ್ದರು. ಅಳತೆಯಿಂದಲೇ ಅನ್ನ ತಿನ್ನುವವನಿಗೆ ಅದು ಕಂಡಿರಲಿಲ್ಲ. ಅವರಿಗೆ ಎಲ್ಲವೂ ತಿಳಿದಿತ್ತು, ನನ್ನ ಮರ್ಯಾದೆ ಉಳಿಸಿ ಹೋಗಿದ್ದರು. ಅವರಿಗೆ ನಿಜ ಬರೆಯಬೇಕೆಂದು ಎಷ್ಟೋ ಸಲ ಕಾಗದ ತೆಗೆದೆ. ಬರೆಯಲಿಲ್ಲ. ಪ್ರತಿ ಏಪ್ರಿಲ್‌ನಲ್ಲೂ ಬಳೆ ಹಿಡಿದುಕೊಂಡು ಹೆಂಡತಿಯ ಮುಂದೆ ಹೋದೆ. “ಇನ್ನೂ ಬಂದಿಲ್ವಲ್ಲ ಅವಳು” ಎನ್ನುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ ಆ ಮುದುಕಿ ತೀರಿಕೊಂಡರೆಂದು ಸುದ್ದಿ ಬಂತು. ಅದೇ ತಿಂಗಳು ಬೆಂಗಳೂರಿನ ಪಾರ್ಲರಿನಾಕೆಯ ಮನೆಯಲ್ಲಿ ನಮ್ಮವರೆಲ್ಲ ಚಹಾಕ್ಕೆ ಸೇರಿದರು. ಹೆಂಡತಿಯನ್ನು ಕರೆದುಕೊಂಡು ಹೋಗಿ, ಎಲ್ಲರೆದುರು ನಿಂತು ಹೇಳಿದೆ: “ಇವಳು ನನ್ನ ಹೆಂಡತಿ. ರಾಯಲ್ಪಾಡಿನವಳು. ನಾನು ಅಡುಗೆಯವಳೆಂದು ಸುಳ್ಳು ಹೇಳಿದ್ದೆ.”

ಪಾರ್ಲರಿನಾಕೆ ಕಡುಬಿನ ತಟ್ಟೆಯನ್ನು ನನ್ನ ಹೆಂಡತಿಯ ಕಡೆ ಸರಿಸಿ, “ಗೊತ್ತಿತ್ತು, ಕೂತ್ಕೊಳ್ಳಿ” ಎಂದಳು. ಹೆಂಡತಿ ಒಂದನ್ನು ತಿಂದು ನಮ್ಮ ಭಾಷೆಯಲ್ಲೇ, “ಉಪ್ಪು ಸಾಲದು” ಎಂದಳು. ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ.

ಮನೆಗೆ ಬಂದ ಮೇಲೆ, ನಾನು ಕೇಳದೆಯೇ, ಅವಳು ಕೈ ಚಾಚಿದಳು. ಬಳೆ ಗೆಣ್ಣುಗಳ ಹತ್ತಿರ ನಿಂತಿತು. ಸೋಪು ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಇಷ್ಟು ವರ್ಷಗಳಲ್ಲಿ ಆ ಗೆಣ್ಣುಗಳು ವಾತದಿಂದ ಊದಿಕೊಂಡಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

“ಬಿಡ್ರೀ, ನೋಯ್ತದೆ” ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು.

ಬಳೆಯ ಎಣ್ಣೆಯನ್ನು ತೊಳೆದು, ಅವಳ ಪಾದದಳತೆಯ ಐದನೇ ನಂಬರಿನ ಬೂಟಿನ ಪೆಟ್ಟಿಗೆಯಲ್ಲಿಟ್ಟೆ. ಅದು ಈಗಲೂ ಅಲ್ಲೇ ಇದೆ.