ಹಳದಿ ಫೈಬರಿಗೆ ಕಾವಲು ಕೂತ ಮೇಡಂ

೨೦೦೪ನೆಯ ಇಸವಿ, ನನಗಾಗ ಮೂವತ್ತೆರಡು ವರ್ಷ. ಹೊಸ ಕೆಲಸಕ್ಕೆ ಸೇರಿದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು, ಮೇಡಂ ಅವರ ಎಡಗಣ್ಣಿನ ಮೇಲೆ ಹುಬ್ಬಿಲ್ಲದಿರುವುದು. ಹಿಂದೊಮ್ಮೆ ಪ್ಯಾನೆಲ್ಲಿನೊಳಗಿಂದ ಸಿಡಿದ ಬೆಂಕಿ ಅದನ್ನು ನೆಕ್ಕಿಕೊಂಡು ಹೋಗಿತ್ತು. ಆ ಜಾಗದ ಚರ್ಮ ಎಣ್ಣೆ ಸವರಿದ ಕಾಗದದಂತೆ ಹೊಳೆಯುತ್ತಿತ್ತು. ಯಾರಾದರೂ ಕೇಳಿದರೆ, "ಹುಬ್ಬು ತಾನೆ ಹೋಗಿದ್ದು? ಕಣ್ಣಿದೆ. ನಿಮಗೂ ಇದೆ, ನೋಡ್ಕೊಂಡು ಕೆಲಸ ಮಾಡಿ" ಎನ್ನುತ್ತಿದ್ದರು.

ಅದಕ್ಕೆ ಮುಂಚೆ ನಾನು ಕುರುಬರಹಳ್ಳಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಏಳು ವರ್ಷ ವಿಜ್ಞಾನ ಕಲಿಸಿದವನು. ವಿಜ್ಞಾನದ ಉತ್ತರದಲ್ಲಿ ಅಲ್ಪವಿರಾಮ ತಪ್ಪಿದರೂ ಅರ್ಧ ಅಂಕ ಕಳೆಯುತ್ತಿದ್ದೆ. ಶಾಲೆ ಮುಚ್ಚಿದ ಮೇಲೆ, ಎಂದೋ ಓದಿದ್ದ ಎಲೆಕ್ಟ್ರಿಕಲ್ ಡಿಪ್ಲೊಮಾ ಹಿಡಿದು, ರಿಲೇ ಪರೀಕ್ಷಿಸುವ ಒಂದು ಗುತ್ತಿಗೆ ಸಂಸ್ಥೆಯನ್ನು ಸೇರಿದೆ. ದೊಡ್ಡ ವಿದ್ಯುತ್ ಲೈನಿನ ಎರಡು ತುದಿಗಳಲ್ಲಿ ಒಂದೊಂದು ರಿಲೇ ಇರುತ್ತದೆ. ತಂತಿ ಹರಿದದ್ದನ್ನು ಒಂದು ತುದಿಯದು ಕಂಡರೆ, ತನ್ನ ಕಡೆಯ ಕರೆಂಟನ್ನು ಕಡಿದು, ಫೈಬರ್ ಕೇಬಲ್ಲಿನ ಮೂಲಕ ಇನ್ನೊಂದಕ್ಕೂ 'ಕಡಿ' ಎಂದು ತಿಳಿಸಬೇಕು. ಆ ಎರಡರ ನಡುವೆ ಮಾತು ಕೂಡಿಸುವುದು ನಮ್ಮ ಕೆಲಸ.

ಬಸವೇಶ್ವರನಗರದ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಮೇಡಂ ನಮ್ಮೆಲ್ಲರಿಗೂ ಹಿರಿಯ ಎಂಜಿನಿಯರು. ಬಾಯಿಗಿಂತ ಅವರ ಕೈ ಮುಂದು. ಸ್ಕ್ರೂ ಸಡಿಲ ಬಿಟ್ಟವನ ಮೇಲೆ ಇಕ್ಕಳ ಹಾರಿ ಬರುತ್ತಿತ್ತು. ಒಬ್ಬ ವಯರ್‌ಮನ್‌ನ ಹಣೆ ಒಡೆದದ್ದೂ ಉಂಟು. ಹೊಲಿಗೆ ಹಾಕಿಸಲು ಅವನನ್ನು ಸ್ಕೂಟರಿನಲ್ಲಿ ಕರೆದೊಯ್ದವರೂ ಅವರೇ, ದಾರಿಯುದ್ದಕ್ಕೂ ಬೈಯುತ್ತ.

ನನಗೊಂದು ಚಟವಿತ್ತು. ಸ್ಥಳದಲ್ಲಿ ಬರೆದರೆ ಅಕ್ಷರ ಕೆಡುತ್ತದೆಂದು, ಪರೀಕ್ಷಾ ನಮೂನೆಯನ್ನು ಹಿಂದಿನ ದಿನವೇ ಮನೆಯಲ್ಲಿ ಕುಳಿತು ತುಂಬಿಸಿಡುತ್ತಿದ್ದೆ: 'ಪರೀಕ್ಷಿಸಲಾಗಿದೆ', 'ಸರಿಯಿದೆ', 'ತೆಗೆಯಲಾಗಿದೆ'. ಒಮ್ಮೆ ಅದು ಮೇಡಂ ಕೈಗೆ ಸಿಕ್ಕಿತು. ನಾಲ್ಕು ಚೂರು ಮಾಡಿ ನನ್ನ ಮುಖಕ್ಕೆ ಎರಚಿದರು.

"ಮೇಷ್ಟ್ರೇ, ಮಾಡಿ ಬರೀರಿ. ಬರೆದು ಮಾಡ್ಬೇಡಿ."

ನಾನು ಚಟ ಬಿಡಲಿಲ್ಲ. ಅವರಿಗೆ ಕಾಣದಂತೆ ಮುಂದುವರಿಸಿದೆ.

ಕೆಂಗೇರಿಯ ಆಚೆಯ ಒಂದು ವಿದ್ಯುತ್ ಸ್ಟೇಷನ್ನಿನಲ್ಲಿ ಹೊಸ ರಿಲೇ ಕೂರಿಸುವಾಗ ಮೇಡಂ ರಜೆಯಲ್ಲಿದ್ದರು. ಆಚೆ ತುದಿಯ ಕೆಲಸ ಮುಗಿಸಿ ಬಂದು, ಈ ತುದಿಯಲ್ಲಿ ಹಳದಿ ಫೈಬರಿನ ಒಂದು ಗೇಣು ತುಂಡು ಸಿಕ್ಕಿಸಿದೆ. ಹಾಗೆ ಸಿಕ್ಕಿಸಿದರೆ ರಿಲೇ ಕಳಿಸಿದ ಮಾತು ಅದಕ್ಕೇ ಮರಳುತ್ತದೆ. ರಿಲೇ ಪೆಟ್ಟಿಗೆ ಸರಿಯಿದೆಯೇ ಎಂದು ನೋಡಲು ಹಾಗೆ ಮಾಡುತ್ತೇವೆ. ನೋಡಿದ ಮೇಲೆ ತುಂಡನ್ನು ತೆಗೆದು ಆಚೆ ತುದಿಯ ಫೈಬರನ್ನು ಜೋಡಿಸಬೇಕು. ಹಸಿರು ದೀಪ ಹತ್ತಿತು. ಅಷ್ಟರಲ್ಲಿ ನಮ್ಮ ಸಂಸ್ಥೆಯ ಮಾಲೀಕರು ಫೋನಿನಲ್ಲಿ, "ಆಯ್ತೇನ್ರೀ? ಲೈನಿಗೆ ಕರೆಂಟು ಬಿಡ್ಬೇಕು" ಎಂದರು. ನಮೂನೆ ನೋಡಿದೆ. 'ತುಂಡನ್ನು ತೆಗೆಯಲಾಗಿದೆ' ಎಂದು ದುಂಡಗೆ ಬರೆದಿತ್ತು. "ಆಯ್ತು ಸಾರ್" ಎಂದೆ.

ಹನ್ನೊಂದನೆಯ ದಿನ, ಮಧ್ಯಾಹ್ನ, ಉಲ್ಲಾಳದ ಹೊಸ ಬಡಾವಣೆಯ ಮೇಲೆ ತಂತಿ ಹರಿಯಿತು. ಒಂದು ತುಂಡು ಗೋಪುರದ ಕಬ್ಬಿಣಕ್ಕೆ ಬಡಿದೊಡನೆ ನಮ್ಮ ತುದಿಯ ಕರೆಂಟು ಹೋಯಿತು. ಇನ್ನೊಂದು ತುಂಡು ಒಣ ಮರಳಿನ ರಾಶಿಯ ಮೇಲೆ ಬಿದ್ದಿತು. ಆಚೆ ತುದಿಯ ರಿಲೇಗೆ ಅದು ಕಾಣಲಿಲ್ಲ, ನಮ್ಮ ರಿಲೇ ಕೂಗಿದ್ದು ಅದನ್ನು ಮುಟ್ಟಲಿಲ್ಲ. ಜೀವವಿದ್ದ ತಂತಿ ಸಿಡಿಯುತ್ತ, ಕಿಡಿ ಉಗುಳುತ್ತ, ಮರಳನ್ನು ಗಾಜು ಮಾಡುತ್ತ ಹೊರಳಿತು. ರಾಯಚೂರು ಕಡೆಯಿಂದ ಬಂದಿದ್ದ ಗಾರೆ ಕೆಲಸದವನೊಬ್ಬನ ಬಲಗೈಗೆ ಸುತ್ತಿಕೊಂಡು ಮೊಣಕೈವರೆಗೆ ಕರಕಲು ಮಾಡಿತು.

ನಾನು ಸ್ಟೇಷನ್ ತಲುಪುವಷ್ಟರಲ್ಲಿ ಅವನ ಜೊತೆಗಾರರು ಗೇಟು ಮುರಿದಿದ್ದರು. ಕಿಟಕಿಗಳಲ್ಲಿ ಗಾಜಿರಲಿಲ್ಲ. ಆಪರೇಟರನ್ನು ಹೊರಗೆಳೆದು ತುಳಿದಿದ್ದರು. ಅವನು ಹಲ್ಲು ಉಗುಳುತ್ತ ಕೂತಿದ್ದ. ಮೇಡಂ ಸ್ಕೂಟರು ನಿಲ್ಲಿಸುವಾಗ ಒಂದು ಕಲ್ಲು ಅವರ ಹೆಗಲಿಗೆ ಬಿತ್ತು. ಅವರು ಹೆಗಲು ಮುಟ್ಟಿಯೂ ನೋಡಲಿಲ್ಲ.

"ಹೊಡೀಬೇಕಾದ್ರೆ ಆಮೇಲೆ ಹೊಡೀರಿ. ಯಾಕಾಯ್ತು ಅಂತ ನೋಡ್ತೀನಿ, ದಾರಿ ಬಿಡಿ."

ಬಿಟ್ಟರು. ಪ್ಯಾನೆಲ್ ತೆರೆದು ಹಳದಿ ತುಂಡನ್ನು ಕಂಡು, ನನ್ನತ್ತ ತಿರುಗಿ ಕೆನ್ನೆಗೆ ಬಾರಿಸಿದರು. ನನ್ನ ಕನ್ನಡಕ ಎರಡು ಹೋಳಾಯಿತು.

ಹಿಂದಿನ ಗೇಟಿನಿಂದ ಮಾಲೀಕರು ಬಂದರು. "ಮೇಡಂ, ತಂತಿ ಬಿದ್ದ ತಕ್ಷಣ ಎರಡೂ ಕಡೆ ಕರೆಂಟು ಹೋಗಿದೆ. ಬೀಳೋದಕ್ಕೆ ಮುಂಚೆ ಅವನೇ ಕಬ್ಬಿಣದ ಕಂಬಿ ತಾಗಿಸಿದಾನೆ. ಹಾಗಂತ ರಿಪೋರ್ಟ್ ಕೊಡೋಣ. ಅದನ್ನ ಕಿತ್ತಾಕಿ."

"ಕಿತ್ತವನ ಕೈ ಮುರೀತೀನಿ ಸಾರ್."

"ನಿಮ್ಮ ಕೆಲಸ ಹೋಗುತ್ತೆ."

"ಹೋಗ್ಲಿ. ಅವನ ಕೈ ಹೋಗಿದೆ."

ಮಾಲೀಕರು ನನಗೆ ಕಣ್ಸನ್ನೆ ಮಾಡಿದರು. ನಾನು ಕೈ ಚಾಚಿದೆ. ನಿಜ, ಚಾಚಿದೆ. ಮೇಡಂ ಕೈಯಲ್ಲಿದ್ದ ಸ್ಪ್ಯಾನರ್ ಮೇಲಿಂದ ಬಿತ್ತು; ಎರಡು ಬೆರಳು ಮುರಿದ ಸದ್ದು ನನಗೆ ನೋವಿಗಿಂತ ಮೊದಲು ಕೇಳಿಸಿತು.

"ಅಲ್ಲೇ ಕೂತ್ಕೊಳ್ಳಿ ಮೇಷ್ಟ್ರೇ. ತಪಾಸಣೆಯವರು ಬರೋ ತನಕ ಆಸ್ಪತ್ರೆನೂ ಇಲ್ಲ, ಏನೂ ಇಲ್ಲ."

ಸ್ಪ್ಯಾನರ್ ತೊಡೆಯ ಮೇಲಿಟ್ಟುಕೊಂಡು ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಮಾಲೀಕರು ಗದರಿದರು, ಕೈಮುಗಿದರು, ಮತ್ತೆ ಗದರಿದರು. ಮೇಡಂ ಕದಲಲಿಲ್ಲ. ಮೂರು ಗಂಟೆಯ ಬಳಿಕ ವಿದ್ಯುತ್ ತಪಾಸಣಾಧಿಕಾರಿ ಬಂದು, ತುಂಡು ಇದ್ದಲ್ಲಿಯೇ ಫೋಟೊ ತೆಗೆಸಿ, ಪ್ಯಾನೆಲ್ಲಿಗೆ ಮೊಹರು ಹಾಕಿದ ಮೇಲೆಯೇ ಅವರು ಎದ್ದದ್ದು.

ನಮ್ಮಿಬ್ಬರ ಕೆಲಸವೂ ಹೋಯಿತು. ಗಾರೆ ಕೆಲಸದವನ ಪ್ರಕರಣ ಕೋರ್ಟಿನಲ್ಲಿ ಐದನೆಯ ವರ್ಷಕ್ಕೆ ಕಾಲಿಟ್ಟಿತು. ಅವನೇ ಕಂಬಿ ತಾಗಿಸಿದನೆಂಬ ವಾದವನ್ನು ಮಾಲೀಕರು ಕೊನೆಯವರೆಗೂ ಬಿಡಲಿಲ್ಲ. ಸಾಕ್ಷಿ ಕಟಕಟೆಯಲ್ಲಿ ವಕೀಲರು ನನ್ನನ್ನು ಕೇಳಿದರು: "ಮೇಷ್ಟ್ರಾಗಿದ್ದವರು ನೀವು. ಮಾಡದೆ ಇರೋದನ್ನ ಮಾಡಿದೆ ಅಂತ ಬರೆದ್ರಾ?"

"ಬರೆದೆ" ಎಂದೆ. ಆ ಒಂದು ಪದ ಹೇಳುವ ಧೈರ್ಯ ನನ್ನದಲ್ಲ. ಮೇಡಂ ನನ್ನ ಬೆರಳು ಮುರಿದು ಕೊಟ್ಟದ್ದು.

ತೀರ್ಪು ಬಂದೊಡನೆ ಮೇಡಂಗೆ ಫೋನು ಮಾಡಿದೆ. ಅಷ್ಟು ವರ್ಷಗಳಲ್ಲಿ ನನ್ನೊಡನೆ ಅವರು ಮಾತಾಡಿರಲಿಲ್ಲ.

"ಅವನಿಗೆ ಹೇಳಿದ್ರಾ?"

"ಇಲ್ಲ ಮೇಡಂ, ಮೊದಲು ನಿಮಗೆ..."

"ನನಗ್ಯಾಕ್ರೀ? ನನ್ನ ಕೈ ನೆಟ್ಟಗಿದೆ" ಎಂದು ಫೋನಿಟ್ಟರು.

ಉಲ್ಲಾಳದ ಬಸ್ಸು ಹತ್ತಿದೆ. ಕಟ್ಟುತ್ತಿದ್ದ ಮನೆಯೊಂದಕ್ಕೆ ಅವನು ಕಾವಲುಗಾರನಾಗಿದ್ದ. ಅಂಗಿಯ ಬಲಗೈಯನ್ನು ಮೊಣಕೈ ಬಳಿ ಮಡಚಿ ಪಿನ್ನು ಹಾಕಿತ್ತು.

"ಕಂಬಿ ನಾ ಹಚ್ಚಿಲ್ಲಂತ ಬರದಾರೇನ್ರಿ ಸರ?"

ಆದೇಶದ ಆ ಸಾಲನ್ನು ಓದಿದೆ.

"ಇನ್ನೊಮ್ಮಿ ಓದ್ರಿ."

ಮತ್ತೆ ಓದಿದೆ, ನಿಧಾನವಾಗಿ, ಒಂದಕ್ಷರವೂ ತಪ್ಪದಂತೆ. ಅಂದು ೨೦೦೯ನೆಯ ಇಸವಿ ಮಾರ್ಚ್ ೧೭, ಮಂಗಳವಾರ.