ಗೋಡೆಯ ಮೇಲಿನ ಕೆಂಪು ನಂಬರು

ಬೆಳಿಗ್ಗೆ ಶಾಲೆಯ ಗೇಟಿನ ಬಳಿ ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿದದ್ದೇ, ಹಳೆಯದೊಂದು ದಿನ ನೆನಪಾಯಿತು.

ದೇವನಹಳ್ಳಿ ಕಡೆ ವಿಮಾನ ನಿಲ್ದಾಣದ ಮಾತು ಜೋರಾಗಿದ್ದ ಕಾಲ. ನಾನಾಗ ಹೈಸ್ಕೂಲಿನಲ್ಲಿದ್ದೆ; ಕನ್ನಡ ಮೇಷ್ಟ್ರು ನಮಗೊಂದು ಯುದ್ಧದ ಕಾದಂಬರಿ ಓದಿ ಹೇಳುತ್ತಿದ್ದರು. ಆ ದಿನದ ಅಧ್ಯಾಯದಲ್ಲಿ ಸೈನಿಕರು ಹಳ್ಳಿಗೆ ಬಂದು, ಖಾಲಿ ಮಾಡಿಸುವ ಮನೆಗಳಿಗೆ ಗುರುತು ಹಾಕಿ ಹೋಗುತ್ತಾರೆ. ಹಿಂದಿನ ವಾರವಷ್ಟೇ, ನಿಲ್ದಾಣಕ್ಕೆ ಜಾಗ ಅಳೆಯಲು ಬಂದ ಸರ್ವೆಯವರು ನಮ್ಮೂರಿನ ಮನೆಗಳ ಮೇಲೆ ಕೆಂಪು ಪೇಂಟಿನಲ್ಲಿ ನಂಬರು ಬರೆದು ಹೋಗಿದ್ದರು.

"ಆಮೇಲೆ ಆ ಊರು ಏನಾಯ್ತು ಸಾರ್?" ಎಂದು ಕೇಳಿದೆ.

ಮೇಷ್ಟ್ರೂ ನಮ್ಮೂರಿನವರೇ. ಪುಸ್ತಕ ಮುಚ್ಚಿ, "ಇವತ್ತಿಗೆ ಸಾಕು ಕಣಮ್ಮ" ಎಂದರು.

ಮನೆಗೆ ಓಡಿಬಂದು ಅಜ್ಜಿಗೆ ಕಥೆ ಹೇಳಿದೆ. ಅವಳು ಕೊಟ್ಟಿಗೆಯಿಂದ ಸಗಣಿ ತಂದು ನಂಬರಿನ ಮೇಲೆ ಬೆರಣಿ ತಟ್ಟತೊಡಗಿದಳು.

"ಕಾಣ್ದೆ ಇದ್ರೆ ಬಿಟ್ಟೋಗ್ತಾರೆ. ನೀನೂ ತಟ್ಟು."

ಸಂಜೆಯೊಳಗೆ ಬೀದಿಯ ಗೋಡೆಗಳ ತುಂಬ ಬೆರಣಿ. ಒಣಗಿದ ಮೇಲೆ ಕಿತ್ತು ನೋಡಿದರೆ ಕೆಂಪು ನಂಬರು ಹಾಗೇ ಇತ್ತು. ಊರು ಮಾತ್ರ ಉಳಿಯಲಿಲ್ಲ.

ಈಗ ನಾನೂ ಕನ್ನಡ ಪಾಠ ಮಾಡುತ್ತೇನೆ. ಇವತ್ತು ಓದಬೇಕಿದ್ದದ್ದು ಅದೇ ಅಧ್ಯಾಯ. ಕಿಟಕಿಯಾಚೆ, ರಸ್ತೆ ಅಗಲ ಮಾಡುವವರು ಎದುರು ಮನೆಗಳ ಮೇಲೆ ಬರೆದ ನಂಬರುಗಳು ಇನ್ನೂ ಆರಿರಲಿಲ್ಲ. ಆ ಮನೆಗಳಲ್ಲೊಂದರ ಹುಡುಗಿ ಎದ್ದು ನಿಂತಳು.

"ಆಮೇಲೆ ಆ ಊರು ಏನಾಯ್ತು ಮಿಸ್?"

ನನ್ನ ಕೈ ಆಗಲೇ ಪುಸ್ತಕ ಮುಚ್ಚಿತ್ತು.