ನಾಲ್ಕು ಕಾಲು ನೆಲದ ಮೇಲೆ

ನಮ್ಮ ನಾಯಿ ಮೊಟ್ಟಮೊದಲ ಸಲ ಹೇಳಿದ ಮಾತು ಕೇಳಿ ಕೂತಿತಲ್ಲ, ಅದು ಕೂತದ್ದು ನನ್ನ ಮಾತಿಗಲ್ಲ, ನನ್ನ ನೆಗೆಣ್ಣಿಯ ಮಾತಿಗೆ. ಮೈದುನನ ಹೆಂಡತಿ ಅವಳು. ಭೋಜ ಎಂಬ ಊರಿನಿಂದ ನಮ್ಮ ಮನೆಗೆ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಆ ನಾಯಿ ಅಂಗೈಯಷ್ಟಿದ್ದಾಗ ಶಿರಗುಪ್ಪಿಯ ರಸ್ತೆ ಬದಿಯಿಂದ ಸೆರಗಿನಲ್ಲಿ ಸುತ್ತಿ ತಂದವಳು ನಾನು, ಹಾಲಿನಲ್ಲಿ ಬಟ್ಟೆ ಅದ್ದಿ ಕುಡಿಸಿ ಬದುಕಿಸಿದವಳು ನಾನು. ಅವಳು ಬೆರಳು ತೋರಿಸಿದ ಕೂಡಲೇ ಅದು ಕುಂಡಿಯೂರಿ ಕೂತದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಒಲೆಯ ಮೇಲಿನ ರೊಟ್ಟಿ ಸೀದು ಹೋಯಿತು.

ನಾವಿರುವುದು ತೋಟದ ಮನೆಯಲ್ಲಿ, ಸುತ್ತಲೂ ಕಬ್ಬು. ಬರುವವರು ಕಡಿಮೆ, ಆದ್ದರಿಂದ ಬಂದವರೆಂದರೆ ನಾಯಿಗೆ ಹಬ್ಬ. ಕಚ್ಚುವುದಿಲ್ಲ, ಮುಂಗಾಲು ಎತ್ತಿ ಮೈಮೇಲೆ ಜಿಗಿಯುತ್ತದೆ, ಅಷ್ಟೇ. ಹಾಲು ಒಯ್ಯುವವನ ಕ್ಯಾನು ಉರುಳಿಸಿದಾಗ ಎಲ್ಲರೂ ನಕ್ಕು ಬಿಟ್ಟಿದ್ದರು. ಆದರೆ ಅತ್ತೆ ಮಿರಜಿನಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು, ವಾಕರ್ ಹಿಡಿದು ಮನೆಗೆ ಬಂದ ದಿನ ಅವರ ಮೇಲೂ ಜಿಗಿಯಿತು. ನನ್ನ ಗಂಡ ಹಿಡಿದುಕೊಳ್ಳದಿದ್ದರೆ ಅತ್ತೆ ಬಿದ್ದೇಬಿಡುತ್ತಿದ್ದರು.

"ಅಮಾಸಿಗೆ ನನ್ನ ತಮ್ಮ ಬರ್ತಾನ. ಅಷ್ಟ್ರಾಗ ಈ ಚಟ ಬಿಡಲಿಲ್ಲಂದ್ರ ಅವನ ಗಾಡ್ಯಾಗ ಹಾಕಿ ಅಥಣಿಗಿ ಕಳಸೂದಽ," ಎಂದರು ಅತ್ತೆ.

ಅಥಣಿಯ ಕಡೆ ಅವರ ತಮ್ಮನ ದ್ರಾಕ್ಷಿ ತೋಟ. ಅಲ್ಲಿ ನಾಯಿಗಳನ್ನು ಕಂಬಕ್ಕೆ ಸರಪಳಿ ಹಾಕಿ ಕಟ್ಟುತ್ತಾರೆ. ಒಮ್ಮೆ ಕಟ್ಟಿದರೆ ಆ ಕಂಬವೇ ಅದರ ಊರು. ನಾನು ನೋಡಿ ಬಂದಿದ್ದೇನೆ.

ನನ್ನ ಗಂಡ ಬಾರುಕೋಲು ಹಿಡಿದ. ನಾಲ್ಕು ಏಟು ಬಿದ್ದರೂ ನಾಯಿ ಬಂದು ನನ್ನ ಹಿಂದೆ ಅಡಗಿತೇ ಹೊರತು ಜಿಗಿಯುವುದನ್ನು ಬಿಡಲಿಲ್ಲ. ಮಾವನವರದು ಬೇರೆ ಉಪಾಯ. ಬೇಲಿ ಹಾರುವ ದನಕ್ಕೆ ಮಾಡುವಂತೆ ಅದರ ಕೊರಳಿಗೊಂದು ಕಟ್ಟಿಗೆಯ ತುಂಡು ಇಳಿಬಿಟ್ಟರು. ಓಡಿದರೆ ಮುಂಗಾಲಿಗೆ ಬಡಿಯಬೇಕು, ತಾನೇ ಸುಮ್ಮನಾಗಬೇಕು. ಬಡಿಯಿತು. ನಾಯಿ ಮೇವಿನ ಬಣವೆಯ ಪಕ್ಕ ಹೋಗಿ ಮುಖ ಆಚೆ ಮಾಡಿ ಮಲಗಿತು. ನಾನು ರೊಟ್ಟಿ ಒಯ್ದರೂ ಮೂಸಲಿಲ್ಲ. ಮಾವನವರಿಗೆ ಎದುರು ಹೇಳುವ ಧೈರ್ಯ ನನಗೆ ಇಷ್ಟು ವರ್ಷಗಳಲ್ಲಿ ಬಂದಿರಲಿಲ್ಲ.

ಸಂಜೆ ನೆಗೆಣ್ಣಿ ತಲೆಯ ಮೇಲೆ ಸೆರಗು ಹೊದ್ದುಕೊಂಡೇ ಹೋಗಿ, ಯಾರನ್ನೂ ಕೇಳದೆ ಆ ಕಟ್ಟಿಗೆ ಬಿಚ್ಚಿದಳು.

"ಮಾಮಾರ, ಹಿಂಗ ಮಾಡಿದ್ರ ಅದು ಅಂಜತೈತ್ರಿ, ಕಲಿಯಂಗಿಲ್ಲ. ನಾ ಕಲಸ್ತೀನಿ, ಅಮಾಸಿ ತನಕ ಬಿಡ್ರಿ," ಎಂದಳು.

ಮಾವನವರು ಹೂಂ ಅಂದರು! ನನ್ನ ಗಂಡನಿಗೇ ಹೂಂ ಅನ್ನದ ಮನುಷ್ಯ. ಬಿಚ್ಚಿದ್ದು ಒಳ್ಳೆಯದೇ ಆಯಿತು, ಆದರೆ ಬಿಚ್ಚಿದ ಕೈ ನನ್ನದಾಗಬೇಕಿತ್ತು. ಆ ಸಿಟ್ಟಿನಲ್ಲಿ ಅವತ್ತು ಅವಳಿಗೆ ಬಡಿಸಿದ ಪಲ್ಯವೂ ಕಡಿಮೆಯೇ.

ಅವಳ ವಿದ್ಯೆ ಅರ್ಧ ತವರಿನದು, ಅರ್ಧ ಮೊಬೈಲಿನಲ್ಲಿ ನೋಡಿದ್ದು. ನಾಯಿ ಜಿಗಿದರೆ ಬೈಯುವುದಿಲ್ಲ, ತಳ್ಳುವುದಿಲ್ಲ, ಮುನಿಸಿಕೊಂಡವರಂತೆ ಕೈಕಟ್ಟಿ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ನಾಲ್ಕೂ ಕಾಲು ನೆಲಕ್ಕೆ ಬಂದ ಕ್ಷಣ ತಿರುಗಿ ತುಪ್ಪ ಸವರಿದ ಚಪಾತಿಯ ಚೂರು ಕೊಡುತ್ತಾಳೆ. ಮತ್ತೆ ಜಿಗಿದರೆ ಮತ್ತೆ ಬೆನ್ನು. ಬೇಸರವೆಂಬುದೇ ಇಲ್ಲ ಅವಳಿಗೆ. ನಾಯಿ ಅವಳ ಮುಖವನ್ನೇ ನೋಡುತ್ತ ಕೂರತೊಡಗಿತು. ಆ ನೋಟ ನನಗೆ ಗೊತ್ತಿತ್ತು. ಅದು ನನ್ನದಾಗಿತ್ತು.

ಆಮೇಲೆ, ಕೂರಲು ಯಾವ ಮಾತು ಹೇಳಬೇಕೆಂಬ ತಕರಾರು. ನಮ್ಮ ಮನೆಯಲ್ಲಿ ಗಂಡ "ಕೂಡ್ಲೇ" ಅನ್ನುತ್ತಾನೆ, ಅತ್ತೆ ಮರಾಠಿಯಲ್ಲಿ "ಖಾಲಿ ಬಸ್" ಅನ್ನುತ್ತಾರೆ, ಮಾವ ಎಲ್ಲದಕ್ಕೂ ನಾಯಿ ಓಡಿಸುವ "ಹಚಾ". ಇವಳು ಕಲಿಸಿದ್ದೂ ಮರಾಠಿಯ "ಬಸ್". ಎಲ್ಲರೂ ಒಂದೇ ಮಾತು ಅನ್ನಬೇಕು, ಇಲ್ಲದಿದ್ದರೆ ನಾಯಿ ಯಾರ ಮಾತೆಂದು ಕೇಳಬೇಕು ಎಂದಳು. ನನಗೆ ಅಷ್ಟೇ ಸಾಕಾಯಿತು.

"ನಮ್ಮ ನಾಯಿ ಕನ್ನಡದ್ದ ಐತಿ ಬೇ. 'ಕೂಡ್' ಅನ್ನೂದ," ಎಂದೆ.

"ಆತ್ರಿ ಅಕ್ಕಾರ. ನೀವ ಹೇಳಿದ್ದಽ ಇರ್ಲಿ. ಆದ್ರ ಎಲ್ಲಾರೂ ಅದನ್ನಽ ಅನ್ರಿ."

ನಕ್ಕು ಒಪ್ಪಿಕೊಂಡು ಮೊದಲಿನಿಂದ ಕಲಿಸಲು ಶುರುಮಾಡಿದಳು. ಜಗಳಕ್ಕೆ ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆದರೂ ನಾಯಿ ಪೂರ್ತಿ ಸುಧಾರಿಸಲಿಲ್ಲ. ಸಂಜೆ ಕಲಿತದ್ದು ಬೆಳಗಾಗುವಷ್ಟರಲ್ಲಿ ಮರೆತಿರುತ್ತಿತ್ತು. ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿದ್ದಾಗ ಅವಳು ಹಿಂದಿನಿಂದ ಬಂದಳು. ನನ್ನ ಕೈಯಲ್ಲಿ ಕಡಕ್ ರೊಟ್ಟಿ. ತಲೆಗಿಂತ ಮೇಲೆ ಹಿಡಿದು ಲಟಕ್ಕೆಂದು ಮುರಿದರೆ, ಆ ಸದ್ದಿಗೆ ನಾಯಿ ಎಲ್ಲಿದ್ದರೂ ಓಡಿ ಬಂದು ಎರಡೂ ಕಾಲು ನನ್ನ ಹೆಗಲ ಮೇಲಿಟ್ಟು ನಿಲ್ಲುತ್ತದೆ. ಮರಿಯಿದ್ದಾಗಿನಿಂದ ನಮ್ಮಿಬ್ಬರ ಬೆಳಗು ಆಗುವುದು ಹೀಗೆ.

ಅವಳು ನೋಡಿದಳು. ಬೈಯಲಿಲ್ಲ.

"ಅಕ್ಕಾರ, ನಿಮ್ಮ ಮ್ಯಾಲ ಜಿಗದ್ರ ರೊಟ್ಟಿ, ಅತ್ತಿಯಾರ ಮ್ಯಾಲ ಜಿಗದ್ರ ಅಥಣಿ. ಅದಕ್ಕ ಹ್ಯಾಂಗ ತಿಳಿಬೇಕ್ರಿ?"

ಎಲ್ಲ ನಾಯಿಗಳ ಬುದ್ಧಿ ನಿನಗೊಬ್ಬಳಿಗೇ ಗೊತ್ತೇ ಎಂದು ಕೇಳಬೇಕೆನ್ನಿಸಿತು. ಈ ಮನೆಯಲ್ಲಿ ನಾನು ಬಂದೆನೆಂದು ಓಡಿ ಬರುವ ಜೀವ ಇದೊಂದೇ, ಅದನ್ನೂ ಕಿತ್ತುಕೊಳ್ಳುತ್ತೀಯಾ ಎನ್ನಬೇಕೆನ್ನಿಸಿತು. ಆದರೆ ಆ ಕಂಬ, ಆ ಸರಪಳಿ ಕಣ್ಣ ಮುಂದೆ ಬಂದವು.

ಮರುದಿನ ರೊಟ್ಟಿ ಮುರಿದೆ. ಅದು ಜಿಗಿಯಿತು. ನಾನು ಕೈಕಟ್ಟಿ ಬೆನ್ನು ತಿರುಗಿಸಿದೆ. ಬೆನ್ನಿಗೆ ಕಾಲು ಹಚ್ಚಿತು, ಕುಂಯ್ ಎಂದಿತು, ಸುತ್ತಿ ಮುಂದೆ ಬಂತು. ಮತ್ತೆ ತಿರುಗಿದೆ. ಗೋಡೆಗೆ ತಟ್ಟಿದ ಸಗಣಿ ಕುಳ್ಳುಗಳನ್ನೇ ನೋಡುತ್ತ ನಿಂತೆ. ಕಣ್ಣು ತುಂಬಿ ಬಂತು. ಬಹಳ ಹೊತ್ತಿನ ಮೇಲೆ ಹಿಂದೆ ಸದ್ದು ನಿಂತಿತು. ತಿರುಗಿದರೆ ನಾಲ್ಕೂ ಕಾಲು ನೆಲದ ಮೇಲಿದ್ದವು. ಬಗ್ಗಿ, ಕೆಳಗೇ ಹಿಡಿದು ರೊಟ್ಟಿ ಕೊಟ್ಟೆ. ಅಂದಿನಿಂದ ದಿನಾ ಹಾಗೆಯೇ.

ಅಮಾವಾಸ್ಯೆಯ ದಿನ ಅತ್ತೆಯ ತಮ್ಮನ ಗಾಡಿ ಅಂಗಳಕ್ಕೆ ಬಂತು. ಒಳಗೆ ಹಗ್ಗವೂ ಇತ್ತು. ಅತ್ತೆ ವಾಕರ್ ಊರಿಕೊಂಡು ಹೊರಗೆ ಬಂದರು. ನಾಯಿ ಬಣವೆಯ ಕಡೆಯಿಂದ ಓಡೋಡಿ ಬಂತು. ವಾಕರಿನ ಮುಂದೆ ಬಂದು, ಯಾರೂ ಹೇಳದೆ, ಅದು ಕೂತಿತು. ಬಾಲ ಮಾತ್ರ ಮಣ್ಣು ಗುಡಿಸುತ್ತಿತ್ತು.

"ಶಾಣ್ಯಾ ಆಗೇತಲ್ಲೋ! ಇರ್ಲಿ ಬಿಡ, ಇಲ್ಲೇ ಇರ್ಲಿ," ಎಂದರು ಅತ್ತೆ ತಮ್ಮನಿಗೆ. ಆಮೇಲೆ, "ನಮ್ಮ ಸಣ್ಣ ಸೊಸಿ ಕೈಗುಣ ನೋಡ," ಎಂದರು.

"ಅಕ್ಕಾರು ಕಲಿಸ್ಯಾರ್ರಿ," ಎಂದಳು ಅವಳು. ಅದನ್ನು ಯಾರೂ ನಂಬಲಿಲ್ಲ. ಹೊಗಳಿಕೆಯ ಜೊತೆಗೆ ದೊಡ್ಡತನವೂ ಅವಳ ಪಾಲಿಗೇ ಹೋಯಿತು.

ಮೊನ್ನೆ ತವರೂರು ಮುಗಳಖೋಡಕ್ಕೆ ಹೋಗಿ ವಾರ ಕಳೆದು ಬಂದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ನಾಯಿ ಓಡಿ ಬಂದು ಎದುರಿಗೆ ಕೂತಿತು. ಹಾಲಿನವನಿಗೆ ಕೂತಂತೆ, ಅತ್ತೆಗೆ ಕೂತಂತೆ, ಅವಳಿಗೆ ಕೂತಂತೆ. ನನಗೆಂದೇ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ನಾನು ಆಚೀಚೆ ನೋಡಿ, ಹೆಗಲು ತಟ್ಟಿಕೊಂಡು, "ಬಾ, ಯಾರೂ ಇಲ್ಲ," ಎಂದೆ. ಅದರ ಮೈಯೆಲ್ಲ ನಡುಗಿತು, ಆದರೂ ಕಾಲು ಎತ್ತಲಿಲ್ಲ. ಚೀಲ ಇಟ್ಟು ನಾನೇ ಅದರ ಪಕ್ಕ ಮಣ್ಣಿನಲ್ಲಿ ಕೂತೆ. ಅದು ತಲೆಯನ್ನು ನನ್ನ ತೊಡೆಯ ಮೇಲಿಟ್ಟಿತು.

ಒಳಗಿನಿಂದ ನೆಗೆಣ್ಣಿ ಬಾಗಿಲಿಗೆ ಬಂದು ಚಪಾತಿ ಚೂರು ಹಿಡಿದು ಅದನ್ನು ಕರೆದಳು. ನಾಯಿ ಕಿವಿ ನಿಮಿರಿಸಿತು. ಏಳಲಿಲ್ಲ.